ಸಂಜೆ ಆರರ ತನಕ ಒಂದು ಜೊತೆ ಕಿವಿ

ನಂಜುಂಡನವರ ಭಾವ ತೀರಿಕೊಂಡ ಸುದ್ದಿ ಕೇಳಿ ಹಾಲಸಿದ್ದಪ್ಪನವರು "ಭಾಳ ಸಂತೋಷ ಆತ್ ನೋಡ್ರಿ" ಅಂದದ್ದೇ ಈ ಎಲ್ಲ ಫಜೀತಿಗೆ ಮೂಲ.

ತಪ್ಪು ಅವರದಲ್ಲ, ಅವರ ಅಂಗಿಯ ಜೇಬಿನಲ್ಲಿ ಕೂತಿದ್ದ ಕಿವಿ ಮೆಷಿನ್ನಿನದು. ಮದ್ರಾಸಿನ ಕೋಡಂಬಾಕ್ಕಂನಲ್ಲಿದ್ದ ಅವರ ವಠಾರದ ಗೇಟಿನ ಬಳಿ ಕೆಳಮನೆಯ ನಂಜುಂಡನವರು ದನಿ ತಗ್ಗಿಸಿ, "ಮೈಸೂರಲ್ಲಿ ನಮ್ಮ ಭಾವ ತೀರ್ಕೊಂಡ್ರು" ಅಂದಿದ್ದರು. ಹಾಲಸಿದ್ದಪ್ಪನವರಿಗೆ ಅದು "ನಮ್ಮ ಭಾವ ಕಾರ್ ತಗೊಂಡ್ರು" ಎಂದು ಕೇಳಿಸಿತು. ಸಂತೋಷ ಹೇಳಿದರು. ಎಷ್ಟು ದಿನದಿಂದ ಎಲ್ಲರೂ ಕಾಯುತ್ತಿದ್ದಿರಿ, ಅಂತೂ ಆಯಿತಲ್ಲ ಎಂದರು. ಅಷ್ಟಕ್ಕೂ ಬಿಡದೆ, ಯಾವ ಬಣ್ಣದ್ದು ಎಂದು ಕೇಳಿದರು.

ನಂಜುಂಡನವರು ಜಗಳಕ್ಕೆ ಬಂದಿದ್ದರೆ ಒಂದು ದಿನದಲ್ಲಿ ಮುಗಿಯುತ್ತಿತ್ತು. ಅವರು ಸಿಟ್ಟೇ ಮಾಡಿಕೊಳ್ಳಲಿಲ್ಲ. ಮೈಸೂರಿಗೆ ಹೋಗಿ ಕರ್ಮಾಂತರ ಮುಗಿಸಿ ಬಂದು, ವಠಾರದ ನಾಲ್ಕೂ ಮನೆಗಳಲ್ಲಿ ಶಾಂತವಾಗಿ ಕೂತು, ಕಾಫಿ ಕುಡಿಯುತ್ತ ಈ ಸಂಗತಿಯನ್ನು ಹೇಳಿದರು. ಹಾಲಸಿದ್ದಪ್ಪನವರು ಮೆಷಿನ್ ಬದಲಾಯಿಸಲೇಬೇಕೆಂದು ವಠಾರ ಒಮ್ಮತದಿಂದ ತೀರ್ಮಾನಿಸಿತು.

ಹಾಲಸಿದ್ದಪ್ಪನವರು ಬ್ಯಾಡಗಿ ಕಡೆಯವರು. ಮೂವತ್ತು ವರ್ಷ ಮದ್ರಾಸಿನಲ್ಲಿ ಮೆಣಸಿನಕಾಯಿ ಸಗಟು ವ್ಯಾಪಾರ ಮಾಡಿ, ಈಗ ಅದನ್ನು ಮಗನಿಗೆ ವಹಿಸಿ ಮನೆಯಲ್ಲಿದ್ದರು. ಹದಿನಾಲ್ಕು ವರ್ಷದ ಕೆಳಗೆ ಕಿವಿ ಮಂದವಾದಾಗ ಅವರು ಹೋದದ್ದು ಕೋಡಂಬಾಕ್ಕಂ ಸೇತುವೆಯ ಪಕ್ಕದ ಓಣಿಯಲ್ಲಿದ್ದ ಸುಬ್ರಾಯರ ಅಂಗಡಿಗೆ. ಸುಬ್ರಾಯರು ಒಂದು ಕಾಲದಲ್ಲಿ ಅಲ್ಲೇ ಸ್ಟುಡಿಯೋ ಒಂದರಲ್ಲಿ ಸೌಂಡ್ ವಿಭಾಗದಲ್ಲಿದ್ದವರು. ಕನ್ನಡ ಪಿಕ್ಚರುಗಳು ಬೆಂಗಳೂರಿಗೆ ಹೊರಟುಹೋದಾಗ ಅವುಗಳ ಹಿಂದೆ ಹೋಗದೆ, ಇಲ್ಲೇ ಒಂದು ಕೋಣೆ ಹಿಡಿದು ಕಿವಿ ಮೆಷಿನ್ ಮಾರುತ್ತ ಕೂತರು. ಹೆಂಡತಿ ಹೋಗಿ ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅವರ ಪರೀಕ್ಷೆಯ ಕ್ರಮ ಸರಳ. ಮೆಷಿನ್ನನ್ನು ಮೊದಲು ತಮ್ಮ ಕಿವಿಗೆ ಇಟ್ಟುಕೊಂಡು "ಒಂದು, ಎರಡು, ಮೂರು" ಎನ್ನುತ್ತ, ತಮಗೆ ಹಿತವಾಗಿ ಕೇಳಿಸುವ ತನಕ ಒಂದು ಪುಟ್ಟ ಸ್ಕ್ರೂ ತಿರುಗಿಸಿ, ಆಮೇಲೆ ಗಿರಾಕಿಯ ಕಿವಿಗೆ ಹಾಕುವುದು. ನಾಯಕಿಯರ ಪಿಸುಮಾತನ್ನು ರೀಲಿನ ಮೇಲೆ ಹಿಡಿದಿಟ್ಟ ಕಿವಿ ಅದು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ ಎಂದು ಹಾಲಸಿದ್ದಪ್ಪನವರು ನಂಬಿದ್ದರು. ತಿಂಗಳಿಗೆ ಎರಡು ಶನಿವಾರ ಅಲ್ಲಿಗೆ ಹೋಗಿ ಕಾಫಿ ಕುಡಿದು ಮೂರು ಗಂಟೆ ಮಾತಾಡಿ ಬರುತ್ತಿದ್ದರು. ಆ ಸುಬ್ರಾಯರನ್ನು ಬಿಟ್ಟು ಇನ್ನೊಬ್ಬರ ಕೈಗೆ ಕಿವಿ ಕೊಡುವುದೆಂದರೆ ಅವರಿಗೆ ಮನೆದೇವರನ್ನು ಬದಲಿಸಿದಷ್ಟು ಸಂಕಟ.

ಆದರೆ ಹೆಂಡತಿ ಜಯದೇವಿಯವರೂ ವಠಾರದ ಪಕ್ಷ ಸೇರಿಬಿಟ್ಟರು. "ಹದಿನಾಲ್ಕ್ ವರ್ಷ ಒದರಿ ಒದರಿ ನನ್ನ ದನಿ ಗಂಡಸರ ದನಿ ಆಗೇತಿ. ಇನ್ನ ನನ್ನ ಕೈಲಿ ಆಗೂದಿಲ್ಲ" ಎಂದರು. ಮಹಡಿ ಮನೆಯ ವಂದನಾಳ ಆಫೀಸು ನುಂಗಂಬಾಕ್ಕಂನಲ್ಲಿ. ಅದರ ಎದುರಿಗೇ ಡಿಜಿಟಲ್ ಮೆಷಿನ್ ಹಾಕುವ ಹೊಸ ಕ್ಲಿನಿಕ್ ಬಂದಿತ್ತು. ಇಸವಿ ಎರಡು ಸಾವಿರದ ಒಂದು. ಡಿಜಿಟಲ್ ಎಂಬ ಮಾತಿಗೇ ಜನ ಅರ್ಧ ತಲೆಬಾಗುತ್ತಿದ್ದ ಕಾಲ. ಬುಧವಾರ ಬೆಳಿಗ್ಗೆ ವಂದನಾ ಅವರನ್ನು ಆಟೋದಲ್ಲಿ ಕರೆದುಕೊಂಡು ಹೊರಟಳು. ನಂಜುಂಡನವರೂ ನೊಂದವರ ಕಡೆಯ ಸಾಕ್ಷಿಯಾಗಿ ಹತ್ತಿ ಕೂತರು.

ಕ್ಲಿನಿಕ್ಕಿನಲ್ಲಿ ಹಾಲಸಿದ್ದಪ್ಪನವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯೊಳಗೆ ಕೂರಿಸಿ ಬಾಗಿಲು ಮುಚ್ಚಿದರು. ಫ್ರಿಜ್ಜಿನಲ್ಲಿಟ್ಟ ಬದನೆಕಾಯಿಯ ಹಾಗೆ ಅವರು ಅರ್ಧ ಗಂಟೆ ಕೂತರು. ಆಮೇಲೆ ತಮಿಳು ಡಾಕ್ಟರಮ್ಮ, ಇನ್ನೂ ಮೂವತ್ತರ ಹುಡುಗಿ, ಗೋಡಂಬಿಯಷ್ಟು ಚಿಕ್ಕ ಎರಡು ವಸ್ತುಗಳನ್ನು ಅವರ ಎರಡೂ ಕಿವಿಗಳ ಹಿಂದೆ ಸಿಕ್ಕಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿ, "ಕೇಕ್ಕುದಾ ಸಾರ್?" ಎಂದು ಮೆಲ್ಲಗೆ ಕೇಳಿದಳು.

ಕೇಳಿಸಿತು. ಅವಳ ಮಾತಷ್ಟೇ ಅಲ್ಲ, ಅವಳು ಪೆನ್ನಿನ ಮುಚ್ಚಳ ತೆಗೆದದ್ದು, ನಂಜುಂಡನವರು ಎಂಜಲು ನುಂಗಿದ್ದು, ವಂದನಾಳ ಬಳೆ ಮೇಜಿಗೆ ತಾಗಿದ್ದು ಎಲ್ಲ ಕೇಳಿಸಿತು. ಎಲ್ಲೋ ಒಂದೇ ಸಮನೆ ಮರಳು ಸುರಿಯುತ್ತಿತ್ತು. "ಯಾರ್ರೀ ಅದು, ಉಸುಕ ಸುರಿಯಾಕ್ಹತ್ಯಾರು?" ಎಂದು ಕೇಳಿದರು. ಅದು ಎ.ಸಿ. ಎಂದು ವಂದನಾ ಹೇಳಿದಾಗ ತಲೆಯೆತ್ತಿ ಅದನ್ನು ಗುಡಿಯ ಗೋಪುರ ನೋಡುವಂತೆ ನೋಡಿದರು.

ಡಾಕ್ಟರಮ್ಮ ಷರತ್ತು ಹೇಳಿದಳು. ಸದ್ಯಕ್ಕೆ ಇರುವುದು ಇದೊಂದೇ ಜೊತೆ, ಮುಂದಿನದು ಬರಲು ಮೂರು ತಿಂಗಳು. ಇವತ್ತು ಸಂಜೆ ಆರರ ತನಕ ಹಾಕಿಕೊಂಡು ಓಡಾಡಿ ನೋಡಬಹುದು. ಬೇಕಾದರೆ ಇಟ್ಟುಕೊಳ್ಳಬೇಕು, ಬೇಡವಾದರೆ ವಾಪಸು ತರಬೇಕು.

ಮೆಟ್ಟಿಲಿಳಿಯುವಾಗ ಯಾರೋ ಹಿಂಬಾಲಿಸುತ್ತಿದ್ದಾರೆಂದು ಹಾಲಸಿದ್ದಪ್ಪನವರು ಮೂರು ಸಲ ತಿರುಗಿ ನೋಡಿದರು. ಅದು ಅವರದೇ ಚಪ್ಪಲಿಯ ಸದ್ದು. ರಸ್ತೆಯಲ್ಲಿ ಕಬ್ಬಿನ ಗಾಣದ ಗೆಜ್ಜೆ ಕೇಳಿ ನಿಂತರು. ಆಟೋದಲ್ಲಿ ಗಾಳಿ ತಮ್ಮ ಅಂಗಿಯ ತೋಳನ್ನು ಪಟಪಟ ಬಡಿಯುವುದನ್ನು ಕೇಳುತ್ತ, ನಂಜುಂಡನವರ ಉಪದೇಶಗಳಿಗೆ ಉತ್ತರ ಕೊಡದೆ ಕೂತರು. ಅವರಿಗೆ ಕೇಳಿಸುತ್ತಿಲ್ಲವೆಂದು ನಂಜುಂಡನವರು ವಂದನಾಳಿಗೆ ಹೇಳಿದ್ದೂ ಸ್ಪಷ್ಟವಾಗಿ ಕೇಳಿಸಿತು.

ಮನೆಯಲ್ಲಿ ಜಯದೇವಿಯವರು ಅಭ್ಯಾಸಬಲದಿಂದ "ಬಂದ್ರ್ಯಾ?" ಎಂದು ಒದರಿದ್ದಕ್ಕೆ ಹಾಲಸಿದ್ದಪ್ಪನವರು ಬಾಣಲೆಗೆ ಬಿದ್ದ ಸಾಸಿವೆಯಂತೆ ಸಿಡಿದು ಕಿವಿ ಮುಚ್ಚಿಕೊಂಡರು. ಜಯದೇವಿಯವರಿಗೆ ಅನುಮಾನ ಬಂತು. ಬೆನ್ನು ತಿರುಗಿಸಿ, ಒಲೆಯ ಕಡೆ ಮುಖ ಮಾಡಿ, ತಮಗಷ್ಟೇ ಕೇಳುವ ಹಾಗೆ, "ರೊಟ್ಟಿ ಬಡೀಲೋ, ಅನ್ನಾ ಸಾಕೋ" ಎಂದರು.

"ರೊಟ್ಟಿ" ಎಂದರು ಹಾಲಸಿದ್ದಪ್ಪನವರು.

ಜಯದೇವಿಯವರು ತಿರುಗಲಿಲ್ಲ. ಸೌಟು ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡರು. ಹಾಲಸಿದ್ದಪ್ಪನವರು ಬಾಗಿಲಿನಲ್ಲೇ ನಿಂತಿದ್ದರು. ಆ ಮೆಲುದನಿ ಅವರಿಗೆ ಮರೆತೇ ಹೋಗಿತ್ತು. ಹೆಣ್ಣು ನೋಡಲು ಹೋದಾಗ ಹೆಸರು ಕೇಳಿದ್ದಕ್ಕೆ ಬಂದ ಉತ್ತರದ ದನಿ ಅದು. ಇಷ್ಟು ವರ್ಷ ಅದು ಇದೇ ಮನೆಯಲ್ಲಿ, ಇದೇ ಒಲೆಯ ಮುಂದೆ ಇತ್ತು.

"ಇನ್ನೊಮ್ಮೆ ಮಾತಾಡು" ಎಂದರು.

"ಏನ್ ಮಾತಾಡ್ಲಿ?"

"ಏನರ."

ಊಟವಾಗುವುದರೊಳಗೆ ವಠಾರ ಪರೀಕ್ಷೆಗೆ ನೆರೆಯಿತು. ನಂಜುಂಡನವರು ಬಾಗಿಲ ಹಿಂದೆ ನಿಂತು ಪಿಸುಗುಟ್ಟಿದರು. ಆಫೀಸಿಗೆ ರಜ ಹಾಕಿದ್ದ ವಂದನಾ ಮಹಡಿಯ ಮೇಲೆ ಸೇಫ್ಟಿ ಪಿನ್ ಬೀಳಿಸಿದಳು. ಹಾಲಸಿದ್ದಪ್ಪನವರು ಪಿನ್ ಬಿದ್ದದ್ದನ್ನೂ ಅದು ಎರಡು ಸಲ ಪುಟಿದದ್ದನ್ನೂ ಹೇಳಿದರು. ಇಟ್ಟುಕೊಳ್ಳುವುದೆಂದು ಮೂರು ಗಂಟೆಗೆ ಖಚಿತವಾಯಿತು. ಇನ್ನು ಉಳಿದದ್ದು ಸುಬ್ರಾಯರಿಗೆ ಹೇಳುವುದು ಹೇಗೆ ಎಂಬ ಪ್ರಶ್ನೆ. ಪತ್ರ ಬರೆಯಿರಿ ಎಂದರು ನಂಜುಂಡನವರು. ಫೋನ್ ಮಾಡಿ ಎಂದಳು ವಂದನಾ. ಏನೂ ಹೇಳದೆ ಸುಮ್ಮನಿದ್ದುಬಿಡಿ ಎಂದರು ಜಯದೇವಿಯವರು. ಹದಿನಾಲ್ಕು ವರ್ಷ ಕಾಫಿ ಕುಡಿದ ಮನೆಗೆ ಮುಖ ತೋರಿಸಿಯೇ ಹೇಳಬೇಕೆಂದು ಹಾಲಸಿದ್ದಪ್ಪನವರು ಎದ್ದರು. ಹೋದ ಕೂಡಲೇ ಹೊಸದು ಕಣ್ಣಿಗೆ ಹೊಡೆಯದಿರಲೆಂದು ತಲೆಗೂ ಕಿವಿಗೂ ತೆಳುವಾದ ಟವೆಲ್ ಸುತ್ತಿಕೊಂಡು, ಹಳೆಯ ಮೆಷಿನ್ನನ್ನು ಜೇಬಿನಲ್ಲಿ ಇಟ್ಟುಕೊಂಡರು.

ಸುಬ್ರಾಯರು ಎಂದಿನಂತೆ ಎದ್ದು ನಿಂತು ಬರಮಾಡಿಕೊಂಡರು. ಶನಿವಾರವಲ್ಲದ ದಿನ ಬಂದರೆಂದು ಅವರಿಗೆ ಹಿಗ್ಗು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಟ್ಟರು. ಹಾಲಸಿದ್ದಪ್ಪನವರು ಎರಡು ಗುಟುಕು ಕುಡಿದು, ಓಣಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತನ್ನು ತೆಗೆದರು.

"ಸುಬ್ರಾಯ್ರ, ತಪ್ಪ ತಿಳೀಬ್ಯಾಡ್ರಿ. ನಾ ಒಂದು ಹೊಸಾ ಮೆಷಿನ್ ನೋಡೀನಿ."

"ಹೌದು ಹೌದು, ಈ ಸೀಸನ್ನೇ ಹಂಗೆ. ಸೆಕೆ ತಡೆಯಕ್ಕಾಗಲ್ಲ" ಎಂದರು ಸುಬ್ರಾಯರು.

ಮುಜುಗರ ತಪ್ಪಿಸಲು ಬೇಕೆಂದೇ ಮಾತು ಮರೆಸುತ್ತಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ಹಾಲಸಿದ್ದಪ್ಪನವರು ಅಂದುಕೊಂಡರು. ಧೈರ್ಯ ಮಾಡಿ, ನಿಮ್ಮನ್ನು ಬಿಡಬೇಕಾಗಿದೆ ಎಂದು ನೇರವಾಗಿ ಹೇಳಿದರು. ಸುಬ್ರಾಯರು ಮರುಕದಿಂದ ತಲೆಯಾಡಿಸಿ, ಹಲ್ಲು ನೋವಿಗೆ ಲವಂಗ ಒಳ್ಳೆಯದೆಂದರು. ಅಷ್ಟರಲ್ಲಿ ಅವರ ಬೆನ್ನ ಹಿಂದಿದ್ದ ಟೆಲಿಫೋನು ಬಡಿದುಕೊಳ್ಳತೊಡಗಿತು. ಹತ್ತು ಸಲ, ಹನ್ನೆರಡು ಸಲ. ಸುಬ್ರಾಯರು ಲವಂಗದ ಗುಣ ವರ್ಣಿಸುತ್ತಲೇ ಇದ್ದರು.

ಹಾಲಸಿದ್ದಪ್ಪನವರು ಲೋಟ ಕೆಳಗಿಟ್ಟರು. ಸಾದಾ ದನಿಯಲ್ಲಿ, ಮುಖದಲ್ಲಿ ನಗು ಇಟ್ಟುಕೊಂಡು, "ಸುಬ್ರಾಯ್ರ, ನಿಮ್ಮ ಅಂಗಡಿಗೆ ಬೆಂಕಿ ಬಿದ್ದೈತಿ" ಎಂದರು.

"ಎಲ್ಲಾ ನಿಮ್ಮಂಥವರ ಆಶೀರ್ವಾದ" ಎಂದು ಸುಬ್ರಾಯರು ಕೈ ಮುಗಿದರು.

ಹಾಲಸಿದ್ದಪ್ಪನವರಿಗೆ ಒಂದು ಕ್ಷಣ ಕೂತ ಕುರ್ಚಿಯೇ ತೇಲಿದಂತಾಯಿತು. ಸುಬ್ರಾಯರಿಗೆ ಕಿವಿ ಕೇಳುವುದಿಲ್ಲ. ಎಷ್ಟು ವರ್ಷದಿಂದಲೋ ಏನೋ. ತಮ್ಮ ಮೆಷಿನ್ನಿನ ಸ್ಕ್ರೂ ತಿರುಗಿದ್ದೆಲ್ಲ ಆ ಕಿವಿಯ ಅಳತೆಗೆ. ತಿಂಗಳಿಗೆ ಎರಡು ಶನಿವಾರ, ಮೂರು ಮೂರು ಗಂಟೆ, ಇಬ್ಬರೂ ಒಬ್ಬರ ಮಾತು ಒಬ್ಬರಿಗೆ ಕೇಳಿಸದೆ ಮಾತಾಡಿದ್ದರು. ರಾಜಕೀಯ, ಧರ್ಮ, ಸಂಸಾರ ಎಲ್ಲ ಮಾತಾಡಿದ್ದರು. ಒಂದು ದಿನವೂ ಭಿನ್ನಾಭಿಪ್ರಾಯ ಬಂದಿರಲಿಲ್ಲ. ಅವರಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ವಿಸ್ಮಯ.

ಅವರು ಟವೆಲ್ ಬಿಚ್ಚಿ, ಕಿವಿಯಿಂದ ಆ ಎರಡು ಗೋಡಂಬಿಗಳನ್ನು ತೆಗೆದು ಒರೆಸಿ, ಮೇಜು ಸುತ್ತಿಬಂದು ಸುಬ್ರಾಯರ ಕಿವಿಗಳಿಗೆ ಸಿಕ್ಕಿಸಿದರು. ತಮಗೆ ಹಳೆಯ ಮೆಷಿನ್ ಹಾಕಿಕೊಂಡರು.

ಸುಬ್ರಾಯರು ಬೆಚ್ಚಿಬಿದ್ದು ಫೋನಿನ ಕಡೆ ತಿರುಗಿದರು, ಆದರೆ ಎತ್ತಲಿಲ್ಲ. ಅದು ನಿಂತ ಮೇಲೆ ಫ್ಯಾನ್ ನೋಡಿದರು. ತೋರುಬೆರಳಿನಿಂದ ಮೇಜನ್ನು ಸವರಿ ಆ ಸದ್ದು ಕೇಳಿದರು. ಎದ್ದು ಕಿಟಕಿಯ ಬಳಿ ನಿಂತರು. ಹಿಂದಿನ ಓಣಿಯಲ್ಲಿ ಒಂದು ಡಬ್ಬಿಂಗ್ ಥಿಯೇಟರ್ ಇತ್ತು. ಬಹಳ ಹೊತ್ತು ಕೇಳಿ, ಹಾಲಸಿದ್ದಪ್ಪನವರ ಬಳಿ ಬಂದು ಮೆಷಿನ್ನಿಗೆ ಬಾಯಿ ಹಚ್ಚಿ ಹೇಳಿದರು.

"ಅಲ್ಲೊಂದು ಹುಡುಗಿ ಒಂದೇ ನಗು ನಗ್ತಾ ಇದಾಳೆ. ಇದು ಏಳನೇ ಟೇಕು. ಇನ್ನೂ ಸರಿಬಂದಿಲ್ಲ."

ಅವರ ಕಣ್ಣು ತುಂಬಿತ್ತು. ಒಂಬತ್ತು ವರ್ಷದಿಂದ ಕಿವಿ ಹೋಗಿದೆ, ಮೆಷಿನ್ ಮಾರುವವನೇ ಮೆಷಿನ್ ಹಾಕಿಕೊಂಡರೆ ಯಾರು ಬರುತ್ತಾರೆಂಬ ಭಯಕ್ಕೆ ಮುಚ್ಚಿಟ್ಟುಕೊಂಡೆ ಎಂದು ಕೂಗಿ ಕೂಗಿ ಹೇಳಿಕೊಂಡರು. ಆಮೇಲೆ ಮತ್ತೆ ಕಿಟಕಿಗೆ ಹೋಗಿ ಎಂಟನೇ ಟೇಕು ಕೇಳಿದರು.

ಐದೂವರೆಗೆ ಇಬ್ಬರೂ ಆಟೋ ಹಿಡಿದು ನುಂಗಂಬಾಕ್ಕಂಗೆ ಹೋದರು. ದಾರಿಯುದ್ದಕ್ಕೂ ಹಾಲಸಿದ್ದಪ್ಪನವರ ಮನಸ್ಸು ಹೊಯ್ದಾಡಿತು. ಒಂದು ಕಡೆ ಒಲೆಯ ಮುಂದಿನ ಆ ದನಿ. ಇನ್ನೊಂದು ಕಡೆ, ಆಟೋದಿಂದ ಅರ್ಧ ಹೊರಗೆ ಬಾಗಿ, ಹೂ ಮಾರುವವಳ ಕೂಗನ್ನು ತಲೆದೂಗುತ್ತ ಕೇಳುತ್ತಿದ್ದ ಸುಬ್ರಾಯರು. ಯಾರು ಇಟ್ಟುಕೊಳ್ಳುತ್ತೀರಿ ಎಂದು ಡಾಕ್ಟರಮ್ಮ ಕೇಳಿದಾಗ, ತಮಗೆ ಬೇಕು ಎಂದರೆ ಸುಬ್ರಾಯರು ತೆಗೆದು ಕೊಟ್ಟೇಬಿಡುತ್ತಾರೆಂದು ಅವರಿಗೆ ಗೊತ್ತಿತ್ತು.

"ನನಗ ಅದು ಹೊಂದಲಿಲ್ರಿ. ತಲಿ ನೋಯ್ತೈತಿ. ಅವರಿಗೆ ಕೊಡ್ರಿ" ಎಂದರು.

ಬೆಳಗಿನ ಅವರ ಮುಖ ನೋಡಿದ್ದ ಡಾಕ್ಟರಮ್ಮ ಕನ್ನಡಕದ ಮೇಲಿನಿಂದ ನೋಡಿದಳು. ಆದರೂ ಬರೆದುಕೊಂಡಳು. ಸುಬ್ರಾಯರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷೆ ಮಾಡಿ, ಅವರ ಕಿವಿಗೆ ತಕ್ಕಂತೆ ಸರಿಪಡಿಸಿ, ಕಾಗದಕ್ಕೆ ಅವರ ಸಹಿ ಹಾಕಿಸಿಕೊಂಡಳು. ಹಾಲಸಿದ್ದಪ್ಪನವರು ಒಳಗೇ ಸಮಾಧಾನ ಮಾಡಿಕೊಂಡರು. ಮೂರು ತಿಂಗಳು ತಾನೇ, ಮುಂದಿನ ಜೊತೆ ಬಂದಾಗ ಗುಟ್ಟಾಗಿ ಬಂದು ತಾವೂ ಹಾಕಿಸಿಕೊಂಡರಾಯಿತು.

ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಸುಬ್ರಾಯರು ಅವರ ಎರಡೂ ಕೈ ಹಿಡಿದುಕೊಂಡು ಗಟ್ಟಿಯಾಗಿ ಹೇಳಿದರು.

"ನನಗೆ ಗೊತ್ತಿತ್ತು. ಹೊಸದು ಎಲ್ಲರಿಗೂ ಹೊಂದಲ್ಲ. ನಿಮ್ಮ ಕಿವಿಗೆ ನನ್ನ ಕೈನೇ ಆಗಬೇಕು. ನಾನಿರೋ ತನಕ ನಿಮ್ಮ ಮೆಷಿನ್ನು ನನ್ನ ಜವಾಬ್ದಾರಿ. ಶನಿವಾರ ಶನಿವಾರ ನಾನೇ ಮನೆಗೆ ಬಂದು ನೋಡ್ತೀನಿ."

ಅಷ್ಟು ಹೇಳಿ, ಅಲ್ಲೇ ಮೆಟ್ಟಿಲ ಮೇಲೆ ಕೂತು, ಜೇಬಿನಿಂದ ಪುಟ್ಟ ಸ್ಕ್ರೂಡ್ರೈವರ್ ತೆಗೆದರು. ಹಾಲಸಿದ್ದಪ್ಪನವರ ಹಳೆಯ ಮೆಷಿನ್ನನ್ನು ಕಳಚಿಕೊಂಡು, ಎಂದಿನ ಕ್ರಮದಂತೆ ಮೊದಲು ತಮ್ಮ ಕಿವಿಯ ಪಕ್ಕಕ್ಕೆ ಹಿಡಿದರು. ಹಿಡಿದವರೇ ಚೇಳು ಕುಟುಕಿದವರಂತೆ ಕೈ ಹಿಂದಕ್ಕೆಳೆದುಕೊಂಡರು. ಇಷ್ಟು ಜೋರನ್ನು ಈ ಮನುಷ್ಯ ಇಷ್ಟು ವರ್ಷ ಹೇಗೆ ಸಹಿಸಿದ ಎಂದು ಅವರ ಮುಖ ಕರುಣೆಯಿಂದ ಕುಗ್ಗಿತು. "ಒಂದು, ಎರಡು, ಮೂರು" ಎನ್ನುತ್ತ ಸ್ಕ್ರೂ ಇಳಿಸಿದರು. ಮತ್ತೆ ಹಿಡಿದು ಕೇಳಿದರು. ಮತ್ತೂ ಇಳಿಸಿದರು. ತಮ್ಮ ಹೊಸ ಕಿವಿಗೆ ಹಿತವಾಗಿ, ಮೆತ್ತಗೆ, ವೀಣೆಯ ತಂತಿಯ ಹಾಗೆ ಕೇಳಿಸಿದ ಮೇಲೆ ತೃಪ್ತರಾಗಿ, ಅದನ್ನು ಹಾಲಸಿದ್ದಪ್ಪನವರ ಕಿವಿಗೆ ಹಾಕಿದರು.

ನುಂಗಂಬಾಕ್ಕಂ ಪೂರ್ತಿ ನಿಶ್ಶಬ್ದವಾಯಿತು. ಬಸ್ಸುಗಳು ಗಾಜಿನ ತೊಟ್ಟಿಯ ಮೀನುಗಳಂತೆ ತೇಲಿಹೋದವು. ಸುಬ್ರಾಯರ ತುಟಿ ಅಲುಗಿ ನಿಂತಿತು. ಸರಿಯಾಯಿತೇ ಎಂದು ಕೇಳಿದ್ದಿರಬೇಕು. ಅವರ ಮುಖದಲ್ಲಿದ್ದ ಬೆಳಕನ್ನು ನೋಡಿ ಇಲ್ಲ ಎನ್ನಲು ಹಾಲಸಿದ್ದಪ್ಪನವರಿಗೆ ಬಾಯಿ ಬರಲಿಲ್ಲ.

"ಭಾಳ ಛಲೋ ಕೇಳ್ತೈತಿ, ಸುಬ್ರಾಯ್ರ" ಎಂದರು. ತಮ್ಮ ದನಿ ತಮಗೇ ಕೇಳಿಸದ್ದರಿಂದ ಮೆಣಸಿನಕಾಯಿ ಮಂಡಿಯಲ್ಲಿ ಹರಾಜು ಕೂಗುವ ಎತ್ತರದಲ್ಲಿ ಹೇಳಿದರು.

ಸುಬ್ರಾಯರು ಎರಡೂ ಕಿವಿಗಳ ಮೇಲೆ ಕೈ ಇಟ್ಟುಕೊಂಡು, ಮುಖ ಹಿಂಡಿ, ಏನೋ ಹೇಳಿದರು. ಕೃತಜ್ಞತೆಯ ಮಾತೆಂದು ತಿಳಿದ ಹಾಲಸಿದ್ದಪ್ಪನವರು ಅವರ ಬೆನ್ನು ಸವರಿ, "ಇರ್ಲಿ ಬಿಡ್ರಿ, ಅದರಾಗೇನೈತಿ" ಎಂದು ಇನ್ನೂ ಜೋರಾಗಿ ಕೂಗಿದರು.

ಸುಬ್ರಾಯರು ಹೇಳಿದ್ದು ಇಷ್ಟೇ: "ಸ್ವಲ್ಪ ಮೆಲ್ಲಗೆ ಮಾತಾಡಿ ಸ್ವಾಮಿ, ನಾನೇನು ಕಿವುಡನಾ?"