ಹನ್ನೊಂದನೇ ಮಹಡಿಯ ಬಸಿರು

ಅಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎಂಟೇ ಎಂಟು ಸ್ಕ್ರೂ. ಹಾಲ್‌ನ ಕಿಟಕಿಗೆ ಗ್ರಿಲ್ ಕೂರಿಸಲು ಅಷ್ಟು ಸಾಕಿತ್ತು. ಆದರೆ ಗ್ರಿಲ್ ಹದಿನೈದು ದಿನದಿಂದ ಬಾಗಿಲ ಹಿಂದೆ ಒರಗಿಕೊಂಡು ನಿಂತಿತ್ತು. ಗೋಡೆಗೆ ಡ್ರಿಲ್ ತಾಗಿಸಲು ಕಿಯಾನ್ ಸೆಂಗ್‌ನ ತಾಯಿ ಬಿಟ್ಟಿರಲಿಲ್ಲ.

“ಮಗು ಬರೋ ಮನೇಲಿ ಗೋಡೆ ಕೊರೀಬಾರ್ದು. ಮಗೂಗೆ ಊನ ಆಗುತ್ತೆ.”

“ಅಮ್ಮಾ, ಮಗು ಹುಟ್ಟಿ ಒಂದೂವರೆ ವರ್ಷ ಆಯ್ತು. ವಿಯೆಟ್ನಾಮಲ್ಲಿ ಓಡಾಡ್ಕೊಂಡಿದೆ.”

“ನಮ್ಮನೆಗಿನ್ನೂ ಬಂದಿಲ್ವಲ್ಲ? ದಾರೀಲಿರೋ ಮಗುನೂ ಒಂದೇ, ಹೊಟ್ಟೇಲಿರೋ ಮಗುನೂ ಒಂದೇ.”

ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಿರಾಕಿಗಳ ಮಾತಿಗೆಲ್ಲ ತಲೆಯಾಡಿಸುವ ಕಿಯಾನ್ ಸೆಂಗ್ ಮನೆಯಲ್ಲೂ ತಲೆಯಾಡಿಸಿದ.

ಆ ಮಗು ಸುಮ್ಮನೆ ಸಿಕ್ಕಿದ್ದಲ್ಲ. ಆರು ವರ್ಷ ಆಸ್ಪತ್ರೆ, ಎರಡು ಸಲ ನಿಂತು ಎರಡು ಸಲವೂ ಹೋದ ಬಸಿರು. ಎರಡನೆಯದು ಹೋದ ಮೇಲೆ ಹೆಂಡತಿ ಪೆಕ್ ಹ್ವಾ ಮೂರು ತಿಂಗಳು ಮಾತೇ ಬಿಟ್ಟಿದ್ದಳು. ಹೊರದೇಶದಿಂದ ಮಗು ತರೋಣ ಎಂದು ಮೊದಲು ಅಂದವಳು ಅವಳು. ಯಾರದೋ ರಕ್ತ, ಬೇಡ ಎಂದು ಒಂದು ವರ್ಷ ತಳ್ಳಿದವನು ಇವನು. ಒಂದು ಸಂಜೆ ಅವಳು ನೂಡಲ್ಸಿನ ಬಟ್ಟಲು ದೂರ ಸರಿಸಿ, “ನಂಗೆ ಬಸುರಿ ಆಗ್ಬೇಕಿಲ್ಲ ಸೆಂಗ್, ತಾಯಿ ಆಗ್ಬೇಕು” ಅಂದಳು. ಆಮೇಲೆ ಅವನು ಎದುರಾಡಲಿಲ್ಲ. ದತ್ತು ಸಂಸ್ಥೆಯಿಂದ ಆ ಹುಡುಗಿಯ ಫೋಟೋ ಬಂದ ದಿನ ಮೊದಲು ಅತ್ತವನು ಅವನೇ.

ಇವತ್ತು ಹನ್ನೊಂದು ಗಂಟೆಗೆ ಸಂಸ್ಥೆಯ ಅಧಿಕಾರಿ ಮನೆ ನೋಡಲು ಬರುವವರಿದ್ದರು. ಅವರ ವರದಿ ಚೆನ್ನಾಗಿದ್ದರೆ ಹುಡುಗಿ ಇವರಿಗೆ. ಇಲ್ಲದಿದ್ದರೆ ಸಾಲಿನಲ್ಲಿರುವ ಮುಂದಿನ ದಂಪತಿಗೆ. ಹನ್ನೊಂದನೇ ಮಹಡಿಯ ಬೋಳು ಕಿಟಕಿಯನ್ನು ಯಾವ ಅಧಿಕಾರಿ ತಾನೇ ಒಪ್ಪುತ್ತಾರೆ?

ಕಿಯಾನ್ ಸೆಂಗ್ ಬೆಳಿಗ್ಗೆಯೇ ಅಮ್ಮನನ್ನು ಮೀನು ತರಲು ದೂರದ ಮಾರ್ಕೆಟ್ಟಿಗೆ ಸಾಗಹಾಕಿ ಗ್ರಿಲ್ಲಿನವನನ್ನು ಕರೆಸಿದ. ಡ್ರಿಲ್ ಇನ್ನೂ ಎರಡೇ ತೂತು ಕೊರೆದಿತ್ತು, ಅಷ್ಟರಲ್ಲಿ ಎದುರುಮನೆ ರೋಕಿಯಾ ಆಂಟಿ ಸೌಟು ಹಿಡಿದುಕೊಂಡೇ ನುಗ್ಗಿ ಬಂದರು.

“ನಿಂಗೆ ಬುದ್ಧಿ ಇದೆಯಾ? ಐದು ತಿಂಗಳ ಬಸುರೀನ ಮನೇಲಿಟ್ಕೊಂಡು ಗೋಡೆ ಕೊರೀತಿದ್ದೀಯಲ್ಲೋ!”

“ಯಾರು ಬಸುರಿ?”

“ನಿನ್ನ ಹೆಂಡ್ತಿ ಕಣೋ! ನಿಮ್ಮಮ್ಮ ಇಡೀ ಬ್ಲಾಕಿಗೆ ಹೇಳಿದಾರೆ, ನಿಂಗೊಬ್ಬನಿಗೆ ಗೊತ್ತಿಲ್ವಾ?”

ಸದ್ದು ಕೇಳಿ ಕೆಳಮನೆಯ ಸಿಮ್ ಅಂಕಲ್ಲೂ ಹತ್ತಿ ಬಂದರು. ನಿವೃತ್ತ ಬಸ್ ಡ್ರೈವರು, ಮಾತಿಗಿಂತ ಬ್ರೇಕು ಮೊದಲು. ನೇರವಾಗಿ ಹೋಗಿ ಪ್ಲಗ್ ಕಿತ್ತುಬಿಟ್ಟರು. ಬಸುರಿ ಎಂಬ ಮಾತು ಕಿವಿಗೆ ಬಿದ್ದದ್ದೇ ಗ್ರಿಲ್ಲಿನವನು ಸಾಮಾನು ಕಟ್ಟತೊಡಗಿದ.

“ಬೇಡಪ್ಪಾ. ನನ್ನ ಮನೇಲೂ ಹೆಣ್ಮಕ್ಕಳಿದ್ದಾರೆ. ಈ ಪಾಪ ನಂಗ್ಯಾಕೆ?”

“ಅಯ್ಯೋ, ಅವಳು ಬಸುರಿ ಅಲ್ಲ ಮಾರಾಯಾ!”

“ಗಂಡಸರೆಲ್ಲ ಮೊದಲು ಹಂಗೇ ಅಂತಾರೆ” ಎಂದು ಅವನು ಲಿಫ್ಟ್ ಹತ್ತಿದ.

ಅಡುಗೆಮನೆಯ ಬಾಗಿಲಲ್ಲಿ ಪೆಕ್ ಹ್ವಾ ನಿಂತಿದ್ದಳು. ಅವಳ ಮುಖ ನೋಡುವ ಧೈರ್ಯ ಕಿಯಾನ್ ಸೆಂಗ್‌ಗೆ ಬರಲಿಲ್ಲ. ನೆರೆಯವರನ್ನು ಹೇಗೋ ಹೊರಗೆ ದಬ್ಬಿ, ಗ್ರಿಲ್ಲನ್ನು ಕಿಟಕಿಗಾನಿಸಿ, ಪ್ಲಾಸ್ಟಿಕ್ ಹಗ್ಗದಿಂದ ಎಂಟು ಕಡೆ ಬಿಗಿದು, ಮೇಲೆ ಪರದೆ ಎಳೆದ. ಪರದೆ ಎಳೆದಾಗ ಹಗ್ಗದ ಎರಡು ಗಂಟು ಬಿಚ್ಚಿಕೊಂಡವು.

ಅಧಿಕಾರಿ ಮಿಸ್ ಪೆರೇರಾ ಹತ್ತು ನಿಮಿಷ ಮೊದಲೇ ಬಂದರು. ಲಿಫ್ಟಿನ ಹತ್ತಿರವೇ ಅವರಿಗೆ ಆಂಟಿ, ಅಂಕಲ್ ಇಬ್ಬರೂ ಸಿಕ್ಕಿದ್ದರು. ಈ ದಂಪತಿ ಹೇಗೆ ಎಂದು ಕೇಳಿದ್ದಕ್ಕೆ ಇಬ್ಬರೂ ಪೈಪೋಟಿಯ ಮೇಲೆ ಹೊಗಳಿ, ಕೊನೆಗೆ ಹೆರಿಗೆಯ ತಿಂಗಳನ್ನೂ ಹೇಳಿ ಪುಣ್ಯ ಕಟ್ಟಿಕೊಂಡಿದ್ದರು.

ಮಿಸ್ ಪೆರೇರಾ ಕಿಟಕಿಯ ಕಡೆ ನೋಡಲೇ ಇಲ್ಲ. ಕುರ್ಚಿಯ ತುದಿಯಲ್ಲಿ ಕೂತು ಫೈಲು ತೊಡೆಯ ಮೇಲಿಟ್ಟುಕೊಂಡರು.

“ಮೇಡಂ, ನೀವು ಗರ್ಭಿಣಿ ಅಂತ ನಮಗೆ ಹೇಳ್ಬೇಕಿತ್ತು. ಹಾಗಿದ್ರೆ ಈ ಅರ್ಜಿ ಇಲ್ಲಿಗೇ ನಿಲ್ಲುತ್ತೆ.”

ಪೆಕ್ ಹ್ವಾ ಎದ್ದು ಅವರ ಮುಂದೆ ನಿಂತಳು. “ನನ್ನ ಹೊಟ್ಟೇಲಿ ಏನೂ ಇಲ್ಲ ಮಿಸ್. ಎರಡು ಇದ್ವು, ಹೋದ್ವು. ಬೇಕಾದ್ರೆ ಮುಟ್ಟಿ ನೋಡಿ.”

ಯಾರೂ ಮುಟ್ಟಲಿಲ್ಲ. ಬಾಗಿಲಲ್ಲಿ ಇಣುಕುತ್ತಿದ್ದ ರೋಕಿಯಾ ಆಂಟಿ ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು. ಅವರ ಹಿಂದಿನಿಂದ ಮೀನಿನ ಚೀಲ ಹಿಡಿದು ಅಮ್ಮ ಒಳಗೆ ಬಂದಳು. ವಿಷಯ ತಿಳಿದಾಗ ಅವಳಿಗೆ ಎಳ್ಳಷ್ಟೂ ನಾಚಿಕೆಯಾಗಲಿಲ್ಲ.

“ಹೌದು, ನಾನೇ ಹೇಳಿದ್ದು. ನಾಳೆ ಮಗು ಬಂದಾಗ ತಂದಿದ್ದು ಅಂತ ಯಾರೂ ಆಡ್ಕೋಬಾರ್ದು.”

“ಒಂದೂವರೆ ವರ್ಷದ ಮಗೂನ ನಿನ್ನೆ ಹುಟ್ಟಿದ್ದು ಅಂತೀರಾ ಆಂಟಿ?” ಎಂದರು ಮಿಸ್ ಪೆರೇರಾ.

“ನಮ್ಮ ಸೊಸೆ ಕೈಗುಣ, ಬೇಗ ಬೆಳೀತು ಅಂತೀನಿ.”

ಬಾಗಿಲಾಚೆ ನಿಂತಿದ್ದ ಸಿಮ್ ಅಂಕಲ್ ನಗು ತಡೆಯಲು ಕೆಮ್ಮಿದರು. ಮಿಸ್ ಪೆರೇರಾ ಕೂಡ ಸ್ವಲ್ಪ ಮೆತ್ತಗಾದರು. ಎದ್ದು ಪರದೆ ಸರಿಸಿ, ಹಗ್ಗದಲ್ಲಿ ನೇತಾಡುತ್ತಿದ್ದ ಗ್ರಿಲ್ಲಿಗೆ ಒಂದು ವಾರ ಗಡುವು ಕೊಟ್ಟು, ವರದಿ ಬರೆಯಲು ಪೆನ್ನು ತೆಗೆದರು. ಕಿಯಾನ್ ಸೆಂಗ್‌ನ ಎದೆ ಹಗುರಾಯಿತು. ಹೆಂಡತಿಯ ಕೈ ಹಿಡಿದುಕೊಂಡ.

“ಆದ್ರೆ ಆಂಟಿ, ಇಂಥ ಸುಳ್ಳು ನಿಲ್ಲಲ್ಲ” ಎಂದು ಮಿಸ್ ಪೆರೇರಾ ಬರೆಯುತ್ತಲೇ ಬುದ್ಧಿ ಹೇಳಿದರು. “ಒಂದಲ್ಲ ಒಂದಿನ ಮಗೂಗೆ ಗೊತ್ತಾಗೇ ಆಗುತ್ತೆ.”

“ಎಲ್ಲಿ ಗೊತ್ತಾಗುತ್ತೆ?” ಅಮ್ಮ ರೇಗಿದಳು. “ನಲವತ್ಮೂರು ವರ್ಷ ಆಯ್ತು, ಇವನಿಗೆ ಗೊತ್ತಾಯ್ತಾ?”

ಪೆನ್ನು ನಿಂತಿತು. ಆಡಿದ ಮಾತು ತನ್ನ ಕಿವಿಗೇ ಬಿದ್ದ ಮೇಲೆ ಅಮ್ಮ ಮೀನಿನ ಚೀಲ ನೆಲಕ್ಕಿಟ್ಟು ಮೆಲ್ಲಗೆ ಕೂತಳು.

ಕಿಯಾನ್ ಸೆಂಗ್ ಅಮ್ಮನ ಕಡೆ ತಿರುಗಿದ. “ಅಪ್ಪನ ಸಕ್ಕರೆ ಕಾಯಿಲೆ ನಂಗೂ ಬರುತ್ತೆ ಅಂತ ಹತ್ತು ವರ್ಷದಿಂದ ಕಾಫಿಗೆ ಸಕ್ಕರೆ ಹಾಕ್ಕೊಂಡಿಲ್ಲ ನಾನು.”

“ಹೇಳೋಣ ಅಂತಿದ್ದೆ” ಅಂದಳು ಅಮ್ಮ. “ಆದ್ರೆ ಸಕ್ಕರೆ ಬಿಟ್ಟಿದ್ದು ಒಳ್ಳೇದೇ ಅಲ್ವಾ?”

ಮಿಸ್ ಪೆರೇರಾ ಫೈಲಿನ ಪುಟಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುವಿ ಮೊದಲ ಪುಟಕ್ಕೆ ಬಂದರು. ಅರ್ಜಿದಾರನ ಹುಟ್ಟು, ತಂದೆ ತಾಯಿ, ಮನೆತನದ ಕಾಯಿಲೆಗಳು, ಎಲ್ಲಕ್ಕೂ ಅವನು ಆಣೆ ಮಾಡಿ ಸಹಿ ಹಾಕಿದ್ದ.

“ನಂಗೀಗ ಗೊತ್ತಾಗಿಬಿಟ್ಟಿದೆ ಸರ್. ಇದನ್ನ ಹೀಗೇ ಕಳಿಸೋಕಾಗಲ್ಲ. ಮೊದಲಿಂದ ಮಾಡ್ಬೇಕು. ಏಳೆಂಟು ತಿಂಗಳಾಗುತ್ತೆ.”

“ಹುಡುಗಿ?” ಪೆಕ್ ಹ್ವಾ ಕೇಳಿದಳು.

“ಅಷ್ಟು ದಿನ ಅವಳನ್ನ ಕಾಯಿಸೋಕಾಗಲ್ಲ ಮೇಡಂ. ಇನ್ನೊಬ್ಬರು ಸಿದ್ಧವಾಗಿದ್ದಾರೆ.”

ಪೆಕ್ ಹ್ವಾ ಗಂಡನ ಕೈ ಬಿಡಲಿಲ್ಲ, ಅಳಲೂ ಇಲ್ಲ. ಮಿಸ್ ಪೆರೇರಾ ಅಮ್ಮನ ಕಡೆ ತಿರುಗಿ, ಮಗನನ್ನು ಹೆತ್ತವಳ ಹೆಸರು, ಊರು ಏನಾದರೂ ನೆನಪಿದೆಯೇ ಎಂದರು.

“ಆಚೆ ದ್ವೀಪದವಳು. ಬೆಳಿಗ್ಗೆ ದೋಣೀಲಿ ಬಂದ್ಲು, ಸಾಯಂಕಾಲದ ದೋಣೀಲಿ ಹೋದ್ಲು. ಹೆಸರು ನಾನು ಕೇಳ್ಲಿಲ್ಲ. ಕೇಳಿದ್ರೆ ಮನಸ್ಸು ತಿರುಗಿ ವಾಪಸ್ ಕರ್ಕೊಂಡು ಹೋಗ್ತಾಳೇನೋ ಅಂತ ಭಯ.”

“ಅತ್ತಳಾ?” ಕಿಯಾನ್ ಸೆಂಗ್ ಕೇಳಿದ.

“ಅವಳು ಅಳಲಿಲ್ಲ ಕಣೋ” ಅಂದಳು ಅಮ್ಮ. “ನೀನೇ ಅಳ್ತಿದ್ದೆ. ಮೂರು ದಿನ ಬಾಯಿ ಮುಚ್ಚಲಿಲ್ಲ.”