ಅಂಗಿಯ ಕತ್ತಿಗೆ ಹೋದ ಎಚ್ಚರಿಕೆ

ಮಾತ್ರೆಯ ಡಬ್ಬಿಯೊಳಗಿನ ಕಾಗದ ಬರೆಯುವ ಮಾನ್ಯರೇ,

ತಮಗೂ, ತಮ್ಮ ಮನೆಯವರಿಗೂ, ಅಷ್ಟು ಸಣ್ಣ ಅಕ್ಷರ ಮೂಡಿಸುವ ತಮ್ಮ ಅಚ್ಚಿನ ಯಂತ್ರಕ್ಕೂ ಈ ಮುದುಕಿಯ ನಮಸ್ಕಾರಗಳು. ನಾನು ಹಸುಗೂಸುಗಳ ಅಂಗಿ ಹೊಲಿಯುವವಳು, ಓದಿದ್ದು ಹಳ್ಳಿ ಶಾಲೆಯ ಮೂರನೇ ಕ್ಲಾಸು. ಕೈ ನಡುಗಿ ಸೂಜಿಗೆ ದಾರ ಹೋಗದಾದಾಗ ಡಾಕ್ಟರು ತಮ್ಮ ಕಂಪನಿಯ ಹಳದಿ ಮಾತ್ರೆ ಬರೆದುಕೊಟ್ಟರು, ಒಂಬತ್ತು ವರ್ಷ ನುಂಗಿದೆ, ಸುಳ್ಳು ಯಾಕೆ ಹೇಳಲಿ, ಕೈ ಕಂಬದ ಹಾಗೆ ನಿಂತಿತು.

ಮಾತ್ರೆಗಿಂತ ನನಗೆ ಹಿಡಿಸಿದ್ದು ತಮ್ಮ ಕಾಗದ. ತೆಳ್ಳಗಿದ್ದರೂ ಹರಿಯುವುದಿಲ್ಲ, ಬಿಚ್ಚಿದರೆ ಮೊಳದುದ್ದ. ಅಂಗಿಯ ಅಳತೆ ಕತ್ತರಿಸಿಕೊಳ್ಳಲು ಅಂಥದ್ದು ಯಾವ ಅಂಗಡಿಯಲ್ಲೂ ಸಿಗದು. ಈ ಬೀದಿಯ ಅರ್ಧ ಮಕ್ಕಳು ತಮ್ಮ ಎಚ್ಚರಿಕೆಯ ಅಳತೆಗೇ ಅಂಗಿ ತೊಟ್ಟು ಬೆಳೆದಿದ್ದಾರೆ.

ಹೋದ ತಿಂಗಳು ಆರು ಮೆಟ್ಟಿಲಿಗೇ ಉಸಿರು ಸಿಕ್ಕಿಕೊಂಡಿತು. ಹೃದಯದ ಕವಾಟ ದಪ್ಪಗಾಗಿ ಸರಿಯಾಗಿ ಮುಚ್ಚುತ್ತಿಲ್ಲ, ರಕ್ತ ಹಿಂದಕ್ಕೆ ಸೋರುತ್ತಿದೆ, ಇದು ಆ ಮಾತ್ರೆ ನಿಧಾನವಾಗಿ ಮಾಡಿದ ಕೆಲಸ ಎಂದರು ಡಾಕ್ಟರು. ಸೊಸೆ ಮನೆಗೆ ಬಂದವಳೇ ನನ್ನ ಅಳತೆಗಳ ಕಟ್ಟು ಬಿಚ್ಚಿ, ಒಂದು ಕಾಗದವನ್ನು ಕಿಟಕಿಗೆ ಹಿಡಿದು ಓದಿದಳು. "ಅತ್ತೆ, 'ಬಹುಕಾಲ ಸೇವಿಸಿದರೆ ಹೃದಯದ ಕವಾಟ' ಅಂತ ಇದೆ. ಮುಂದಿನದನ್ನು ನೀವು ಅಂಗಿಯ ಕತ್ತಿನ ಅಳತೆಗೆ ಕತ್ತರಿಸಿಬಿಟ್ಟಿದ್ದೀರಿ."

ತಪ್ಪು ನನ್ನದೇ. ನಗುವ ಹೆಂಗಸಿನ ಚಿತ್ರವನ್ನು ಡಬ್ಬಿಯ ಮೇಲೆ ಅಂಗೈಯಗಲ ಹಾಕಿ, ಹೃದಯದ ಸುದ್ದಿಯನ್ನು ಇರುವೆಗಳ ಓದಿಗೆ ಬಿಟ್ಟ ತಮ್ಮ ಸಂಕೋಚ ನನಗೆ ಅರ್ಥವಾಗಲಿಲ್ಲ.

ಈಗ ಮಾತ್ರೆ ನಿಲ್ಲಿಸಿದ್ದಾರೆ, ಕೈ ಮತ್ತೆ ಕುಣಿಯುತ್ತಿದೆ. ಗುರುವಾರ ಎದೆ ಬಿಚ್ಚಿ ಬೇರೆ ಕವಾಟ ಕೂರಿಸುತ್ತಾರಂತೆ. ಮುಂದಿನ ತಿಂಗಳು ಮೊಮ್ಮಗಳ ಹೆರಿಗೆ, ಕೂಸಿನ ಅಂಗಿಗೆ ಒಂದು ತೋಳು ಬಾಕಿ. ಗುರುವಾರದ ಆಚೆ ನಾನು ಇರುತ್ತೇನೋ ಇಲ್ಲವೋ, ಒಂಟಿ ತೋಳಿನ ಅಂಗಿ ಬಿಟ್ಟುಹೋದಳು ಅನ್ನಿಸಿಕೊಳ್ಳಲಾರೆ. ಆದ್ದರಿಂದ ತಾವು ದಯವಿಟ್ಟು, ಗಂಟಲು ಇಳಿದೊಡನೆ ಭುಜದ ಹತ್ತಿರ ತಿರುಗಿ ನೇರ ಕೈಗೆ ಹೋಗುವ, ಎದೆಯ ಕಡೆ ಕಣ್ಣೆತ್ತಿಯೂ ನೋಡದ ಮಾತ್ರೆಯೊಂದನ್ನು ಬುಧವಾರದೊಳಗೆ ಕಳಿಸಬೇಕು. ಆಗದಿದ್ದರೆ ತಾವೇ ಬಂದು ದಾರ ಪೋಣಿಸಿಕೊಡಿ. ಅಷ್ಟು ಸಣ್ಣ ಅಕ್ಷರ ಬರೆಯುವವರಿಗೆ ಸೂಜಿ ಯಾವ ಲೆಕ್ಕ. ಬರುವಾಗ ಒಂಬತ್ತು ವರ್ಷದ ಹಿಂದಿನ ನನ್ನ ಮನೆಯನ್ನು ಹಾದು ಬರುವುದಾದರೆ, ನಾನು ಕತ್ತರಿ ಹಿಡಿಯುವ ಮೊದಲು ಆ ಸಾಲನ್ನು ಗಟ್ಟಿಯಾಗಿ ಓದಿ ಹೇಳಿ ಬನ್ನಿ.

ಒಂದು ತೋಳು ಬಾಕಿ ಇರುವ
ತಮ್ಮ ವಿಶ್ವಾಸಿ,
ಹೊಲಿಗೆ ಅಜ್ಜಿ

ತಾ.ಕ.: ಇದರ ಒಂದು ಪ್ರತಿಯನ್ನು ಸೊಸೆಯ ಕೈಯಲ್ಲಿ ದಪ್ಪಕ್ಷರದಲ್ಲಿ ಬರೆಸಿ ಔಷಧಿ ಅಂಗಡಿಯ ಗಾಜಿಗೆ ಅಂಟಿಸಿದ್ದೇನೆ. ತಮ್ಮ ಪ್ರತಿಯನ್ನು ಮಾತ್ರ ತಮ್ಮದೇ ಪದ್ಧತಿಯಂತೆ ಹದಿನಾರು ಮಡಿಕೆ ಮಾಡಿದ್ದೇನೆ. ತಾವು ಓದಲೇಬೇಕಾದ ಒಂದು ಸಾಲು ಅದರ ಮಡಿಕೆಯಲ್ಲಿ ಬಹಳ ಸಣ್ಣದಾಗಿದೆ. ಆತುರವಿಲ್ಲ, ಒಂಬತ್ತು ವರ್ಷದಲ್ಲಿ ತಾನಾಗಿ ತಿಳಿಯುತ್ತದೆ.