ಗಟ್ಟಿಮೇಳಕ್ಕೆ ಇನ್ನೊಂದ್ಸಲ ಇಲ್ಲ

ವಾಲಗದವರ ಬದುಕಲ್ಲಿ ಏನಾದರೊಂದು ಎಡವಟ್ಟು ಆಗದ ಮದುವೆ ಸೀಸನ್ನೇ ಇಲ್ಲ. ಆದರೆ ಈ ಸಲ ಆದದ್ದಕ್ಕೆಲ್ಲ ಕಾರಣ ಒಂದು ಮೊಬೈಲ್ ಗೇಮು. ನಾನು ಬೇಲೂರಿನವನು, ಡೋಲು ಬಾರಿಸೋನು. ಅಣ್ಣ ನಾಗಸ್ವರ ಊದ್ತಾನೆ, ನಾನು ಪಕ್ಕದಲ್ಲಿ ಕೂರ್ತೀನಿ. ಮೂವತ್ತು ವರ್ಷದಿಂದ ಹೀಗೇ.

ಬಿಕ್ಕೋಡಿನಲ್ಲಿ ಒಂದು ಮದುವೆ ಮುಗಿಸಿಕೊಂಡು ಬರುವಾಗ ನನ್ನ ಸ್ಕೂಟರ್ ಜಾರಿತು. ಬಲಗೈ ಮಣಿಕಟ್ಟು ಮುರೀತು. ಹಿಂದೆ ಜೀಪಲ್ಲಿ ಬರ್ತಿದ್ದ ಅಣ್ಣ ಹಾರಿ ಇಳಿದು ಓಡಿ ಬಂದ. ಬಂದವನು ಮೊದಲು ಡೋಲಿನ ಚೀಲ ಬಿಚ್ಚಿ ನೋಡಿದ. "ಸದ್ಯ, ಏನೂ ಆಗಿಲ್ಲ" ಅಂದ. ಆಮೇಲೆ ನನ್ನ ಕಡೆ ತಿರುಗಿದ.

ಹಾಸನದ ಡಾಕ್ಟರು ಸಿಮೆಂಟ್ ಪಟ್ಟಿ ಹಾಕಿ, "ಬೆರಳು ಆಡಿಸ್ತಾನೇ ಇರಿ, ಇಲ್ಲಾಂದ್ರೆ ಮರಗಟ್ಟುತ್ತೆ" ಅಂದರು. ಅಷ್ಟರಲ್ಲಿ ಅಣ್ಣ ಅರಸೀಕೆರೆಯ ತೆಂಗಿನಕಾಯಿ ಮಂಡಿಯವರ ಮದುವೆ ಒಪ್ಪಿಕೊಂಡು ಬಂದಿದ್ದ. ಎರಡು ತಿಂಗಳು ಟೈಮಿತ್ತು. "ಕೈ ಸರಿಹೋದ್ರೆ ನೀನು ಬಾ. ಇಲ್ದಿದ್ರೆ ಹಳೇಬೀಡಿನವನನ್ನ ಕರ್ಕೊಂಡು ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬ್ಯಾಡ ಕಣ್ಲಾ" ಅಂದ. ಹಳೇಬೀಡಿನ ಆ ಡೋಲಿನವನು ನಮ್ಮ ಮೇಳದಲ್ಲಿ ಒಂದ್ಸಲ ಕೂತರೆ ಮತ್ತೆ ಏಳೋ ಗಿರಾಕಿ ಅಲ್ಲ. ನನಗೆ ನಿಜವಾಗ್ಲೂ ಹೆದರಿಕೆಯಾಯ್ತು.

ಮೂವತ್ತು ವರ್ಷದ ವಿದ್ಯೆ

ಬೆರಳಾಡಿಸೋಕೆ ಅಂತ ಮಗಳು ಫೋನಿಗೆ ಒಂದು ಗೇಮ್ ಹಾಕಿಕೊಟ್ಟಳು. ಒಂದು ಹಾಡು ಬರುತ್ತೆ. ಮೇಲಿಂದ ಬಣ್ಣಬಣ್ಣದ ಚೌಕಗಳು ಇಳೀತಾವೆ. ಕೆಳಗಿನ ಗೆರೆಗೆ ಬಂದಾಗ ಸರಿಯಾಗಿ ತಾಳಕ್ಕೆ ತಟ್ಟಬೇಕು. ಒಂದು ತಪ್ಪಿದರೂ ಆಟ ಮುಗೀತು, ಎಷ್ಟು ದೂರ ಬಂದೆವೋ ಅಷ್ಟು ನಕ್ಷತ್ರ ಕೊಟ್ಟು 'ಮತ್ತೆ ಆಡಿ' ಅಂತ ಹಸಿರು ಗುಂಡಿ ಬರುತ್ತೆ.

"ತಾಳಾನೇ ತಾನೇ? ಕೊಡಿಲ್ಲಿ" ಅಂತ ತೊಡೆ ಮೇಲಿಟ್ಟುಕೊಂಡು ತಟ್ಟಿದೆ. ನಾಲ್ಕನೇ ಪೆಟ್ಟಿಗೆ ಫೋನು ಎಗರಿ ಮಂಚದ ಕೆಳಗೆ ಹೋಯ್ತು.

"ಅಪ್ಪಾ, ಅದು ಡೋಲಲ್ಲ, ಫೋನು! ಮೆಲ್ಲಗೆ ಮುಟ್ಟಿದರೆ ಸಾಕು."

ಮೆಲ್ಲಗೆ ಮುಟ್ಟಿದೆ. ಹಾಡಿನ ಮೊದಲ ಸಾಲು ಮುಗಿಯೋದರೊಳಗೆ ಸೋತೆ. ಮತ್ತೆ ಆಡಿದೆ, ಮತ್ತೆ ಸೋತೆ. ಹತ್ತು ಸಲ ಆದ ಮೇಲೆ ಅಡುಗೆಮನೆಯಿಂದ ಹೆಂಡತಿ ಕೇಳಿದಳು: "ಅಲ್ಲ ರೀ, ಹಾಗಾದ್ರೆ ಇಷ್ಟು ವರ್ಷ ಜನ ಸುಮ್ನೆ ಮರ್ಯಾದೆಗೆ ಕೇಳ್ತಿದ್ರಾ?"

ಹಗರೆ ದಾಟಿದ್ದು

ಹಾಸನಕ್ಕೆ ಕೈ ತೋರಿಸೋಕೆ ಹೋಗುವಾಗ ಬಸ್ಸಲ್ಲಿ ಆಡ್ತಾ ಕೂತಿದ್ದೆ. ಪಕ್ಕದ ಹೆಂಗಸು ತುಂಬ ಹೊತ್ತು ನನ್ನ ಬೆರಳುಗಳನ್ನೇ ನೋಡಿದರು. ಕೊನೆಗೆ ತಡೆಯಲಾರದೆ, "ಅಣ್ಣಾ, ಈ ನಡುಕ ಎಷ್ಟು ದಿವಸದಿಂದ ಐತೆ? ನಮ್ಮ ಹಗರೇಲಿ ಒಬ್ಬರು ಎಣ್ಣೆ ಕೊಡ್ತಾರೆ" ಅಂದರು.

"ನಡುಕ ಅಲ್ಲಮ್ಮ, ಗೇಮು" ಅಂತ ಫೋನು ತೋರಿಸಿದೆ. "ಎಲ್ಲಿ, ಒಂಚೂರು ಕೊಡಿ" ಅಂತ ಈಸಿಕೊಂಡರು. ತಪ್ಪಿತು. "ಥೂ, ಈಗ ಸಿಕ್ತಿತ್ತು, ಇನ್ನೊಂದೇ ಒಂದ್ಸಲ" ಅಂದರು. ಹಗರೆ ಬಂತು. ಕಂಡಕ್ಟರು "ಹಗರೆ ಯಾರ್ರೀ, ಹಗರೆ?" ಅಂತ ಕೂಗಿದ. ನಾನು "ಅಮ್ಮಾ, ನಿಮ್ಮೂರು" ಅಂದೆ. "ತಡೀರಿ, ಮಾತಾಡಿಸಬ್ಯಾಡಿ!" ಅಂತ ನನಗೇ ಗದರಿದರು.

ಮುಂದಿನ ಸ್ಟಾಪಿನಲ್ಲಿ ಇಳಿದು, ಬಂದ ದಾರೀಲೇ ವಾಪಸ್ ಹೊರಟರು. ಮುಖದಲ್ಲಿ ಚೂರೂ ಬೇಸರವಿಲ್ಲ. ಕಿಟಕಿ ಕೆಳಗೆ ನಿಂತು, "ಪರವಾಗಿಲ್ಲ ಬಿಡಿ, ಎರಡು ನಕ್ಷತ್ರ ಬಂತಲ್ಲ" ಅಂದರು.

ಅದೇ ಹಾಡು

ಪಟ್ಟಿ ಬಿಚ್ಚಿದರು. ಕೈ ನೋಡಿದರೆ ನನ್ನದೇ ಅಲ್ಲ ಅನ್ನಿಸ್ತು. ಮಣಿಕಟ್ಟು ತುಕ್ಕು ಹಿಡಿದ ಚಿಲಕದ ಥರ, ಅರ್ಧ ತಿರುಗಿ ನಿಲ್ತಿತ್ತು. ಡೋಲಿನ ಮುಂದೆ ಕೂತು ನಾಲ್ಕು ಪೆಟ್ಟು ಹಾಕಿ, ನೋವು ತಡೆಯಲಾರದೆ ಬಟ್ಟೆ ಮುಚ್ಚಿಟ್ಟೆ. ಅವತ್ತು ಊಟ ಸೇರಲಿಲ್ಲ. ಮತ್ತೆ ಫೋನೇ ಗತಿ ಅಂತ ಹಿಡಕೊಂಡೆ.

ಅಣ್ಣನಿಗೆ ಉರಿ. "ಅದೇ ಹಾಡು, ಅದೇ ಚೌಕ, ಬೆಳಗಿಂದ ಸಂಜೆವರೆಗೆ. ಬೇಜಾರಾಗಲ್ವೇನ್ಲಾ?"

"ನೀನು ಮೂವತ್ತು ವರ್ಷದಿಂದ ಅದೇ ಕೀರ್ತನೆ ಊದ್ತಿದ್ದೀಯಲ್ಲಣ್ಣ, ಬೇಜಾರಾಯ್ತಾ?"

ನಿಜ ಹೇಳ್ತೀನಿ, ಹಾಡು ಅದೇ ಆದರೂ ನಾನು ತಪ್ಪೋ ಜಾಗ ದಿನಾ ಬೇರೆ. ನಿನ್ನೆ ಬಿಟ್ಟದ್ದು ಇವತ್ತು ಸಿಗುತ್ತೆ, ನಿನ್ನೆ ಸಿಕ್ಕಿದ್ದು ಇವತ್ತು ಜಾರುತ್ತೆ. ಅಯ್ಯೋ ಒಂದೇ ಒಂದು ಚೌಕ ಅಂತ ಹೊಟ್ಟೆ ಉರಿದು ಮತ್ತೆ ಒತ್ತೋದು. ಎಷ್ಟು ಸಲ ಸೋತರೂ ಅದು ಹಳೇಬೀಡಿನವನನ್ನ ಕರೀತೀನಿ ಅನ್ನಲ್ಲ.

"ಆಯ್ತು. ಆದ್ರೆ ಮುಹೂರ್ತದಲ್ಲಿ ಇನ್ನೊಂದ್ಸಲ ಅನ್ನೋ ಗುಂಡಿ ಇರಲ್ಲ, ಗೊತ್ತಿರಲಿ" ಅಂತ ಹೇಳಿ ಅಣ್ಣ ಎದ್ದು ಹೋದ. ಮಾರನೇ ದಿನ ಫೋನು ಕಾಣಲಿಲ್ಲ. ಹುಡುಕಿದರೆ ಬಚ್ಚಲುಮನೆ ಒಳಗಿಂದ ಅದೇ ಹಾಡು ಕೇಳ್ತಿತ್ತು. ಬಾಗಿಲು ಬಡಿದೆ. "ನಿನ್ನ ಕೈಗೆ ಕಷ್ಟ ಆಗ್ತದೇನೋ ಅಂತ ಪರೀಕ್ಷೆ ಮಾಡ್ತಿದ್ದೀನಿ ಕಣೋ!" ಅಂದ ಅಣ್ಣ.

ಅರಸೀಕೆರೆಯ ನೊಣ

ಅಂತೂ ಕೈ ಮುಕ್ಕಾಲು ಭಾಗ ಬಂತು. ಅಣ್ಣ ಅರೆಮನಸ್ಸಿಂದ ಕರೆದುಕೊಂಡು ಹೋದ. "ಗಟ್ಟಿಮೇಳ ಒಂದು ದಾಟಿಸು ಸಾಕು" ಅಂದ.

ತಾಳಿ ಕಟ್ಟುವಾಗ ಸೀನು, ಅಪಶಬ್ದ ಯಾವುದೂ ಕೇಳಿಸಬಾರದು ಅಂತ ಗಟ್ಟಿಯಾಗಿ ಬಾರಿಸ್ತೀವಲ್ಲ, ಅದೇ ಗಟ್ಟಿಮೇಳ. ಮಂತ್ರ ಹೇಳೋ ಅಯ್ನೋರು ಬೆರಳೆತ್ತಿದ ಕೂಡಲೇ ಶುರುವಾಗಬೇಕು. ನಾನು ಅವರ ಬೆರಳು ಬಿಟ್ಟು ಬೇರೇನೂ ನೋಡ್ತಿರಲಿಲ್ಲ. ಅಷ್ಟರಲ್ಲಿ ಅಯ್ನೋರ ಮೂಗಿನ ಮೇಲೆ ಒಂದು ನೊಣ ಕೂತಿತು. ಅವರು ಓಡಿಸೋಕೆ ಬೆರಳೆತ್ತಿದರು. ಎರಡು ತಿಂಗಳಿಂದ ಕಣ್ಣೆದುರು ಏನು ಅಲ್ಲಾಡಿದರೂ ತಟ್ಟಿ ತಟ್ಟಿ ಅಭ್ಯಾಸವಾದ ಕೈ. ಬಾರಿಸಿಬಿಟ್ಟೆ!

ಅಣ್ಣ, ತಾನೇ ಬೆರಳು ನೋಡಲಿಲ್ಲವೇನೋ ಅಂತ ಗಾಬರಿಯಾಗಿ ಊದಿದ. ಛತ್ರದ ತುಂಬ ಜನ ಎದ್ದು ಇದ್ದಬದ್ದ ಅಕ್ಷತೆ ಎಲ್ಲಾ ಎಸೆದರು. ಮದುಮಗ ಎರಡೂ ಕೈ ಚಾಚಿದ. ಕೈಗೆ ಏನೂ ಬರಲಿಲ್ಲ. ತಾಳಿ ಇನ್ನೂ ತೆಂಗಿನಕಾಯಿ ಮೇಲೆ ಕೂತು, ಹಿರಿಯರು ಮುಟ್ಟಿ ಹರಸಲಿ ಅಂತ ತಟ್ಟೆಯಲ್ಲಿ ನಾಲ್ಕನೇ ಸಾಲಲ್ಲಿತ್ತು! ಹೆಣ್ಣಿನ ಸೋದರಮಾವ ಅದನ್ನ ತರೋಕೆ ಕುರ್ಚಿಗಳ ಮೇಲಿಂದ ಹಾರಿಕೊಂಡು ಹೋದ.

ಅಯ್ನೋರು ಕೂಗಿದರು. ನಮ್ಮ ಸದ್ದಲ್ಲಿ ಏನೂ ಕೇಳಲಿಲ್ಲ. ಗಡಿಯಾರ ತೋರಿಸಿ ಐದು ಬೆರಳು ಬಿಚ್ಚಿದರು. ಮುಹೂರ್ತಕ್ಕೆ ಇನ್ನೂ ಐದು ನಿಮಿಷ! ನಿಲ್ಲಿಸೋಣ ಅಂತ ಎಡಗೈಯ ಕೋಲು ಇಳಿಸೋದರೊಳಗೆ ಹೆಣ್ಣಿನ ಅಜ್ಜಿ ನನ್ನ ಕಿವಿಗೇ ಬಾಯಿಟ್ಟು, "ನಿಲ್ಲಿಸಬ್ಯಾಡ ಕಣಪ್ಪಾ! ಗಟ್ಟಿಮೇಳ ಅರ್ಧಕ್ಕೆ ನಿಂತ್ರೆ ಅಪಶಕುನ!" ಅಂತ ಚೀರಿದರು.

ಒಂದು ನಿಮಿಷವೂ ಇರದ ಗಟ್ಟಿಮೇಳವನ್ನ ಐದು ನಿಮಿಷ ಬಾರಿಸಿದೆ. ಮೊದಲು ಮಣಿಕಟ್ಟು ಉರೀತು. ದೇವರೇ, ಇಲ್ಲೇ ಕೈ ಬಿಟ್ಟರೆ ನಾಳೆಯಿಂದ ನಾನು ಯಾರು ಅಂತ ಇನ್ನೂ ಜೋರಾಗಿ ಬಾರಿಸಿದೆ. ಆಮೇಲೆ ಅದೇನಾಯ್ತೋ, ಚಿಲಕ ಜಾರಿದ ಹಾಗೆ ಸಡಿಲವಾಯ್ತು. ಬೆರಳು ತಾವಾಗಿಯೇ ಓಡಿದವು. ಅಯ್ನೋರು ನಿಜವಾದ ಬೆರಳು ಎತ್ತಿದರು. ಮೂರು ಗಂಟೂ ಬಿತ್ತು. ಜನರ ಹತ್ತಿರ ಅಕ್ಷತೆ ಖಾಲಿ. ಮುಂದಿನವರ ತಲೆಮೇಲಿಂದ ಹೆಕ್ಕಿ ಹೆಕ್ಕಿ ಹಾಕಿದರು. ನನ್ನದು ಒಂದು ಪೆಟ್ಟೂ ತಪ್ಪಿರಲಿಲ್ಲ.

ಅಣ್ಣ ಮುಖವೆಲ್ಲ ಕೆಂಪಾಗಿ, ಏದುಸಿರು ಬಿಡ್ತಾ ನನ್ನ ಕಡೆ ತಿರುಗಿದ. ಬಿತ್ತು ಕಪಾಳಕ್ಕೆ ಅಂದುಕೊಂಡೆ. ಅವನು ಡೋಲಿನ ಕಡೆ ನೋಡಲೂ ಇಲ್ಲ. ನನ್ನ ಕೈ ಹಿಡಿದು, ಮಣಿಕಟ್ಟು ಹಿಂದೆ ಮುಂದೆ ತಿರುಗಿಸಿ ನೋಡಿ, "ಸದ್ಯ, ಏನೂ ಆಗಿಲ್ಲ" ಅಂದ. ಅಬ್ಬಾ, ಎದೆ ಮೇಲಿದ್ದ ಭಾರವೆಲ್ಲ ಇಳೀತು.

ಅಷ್ಟರಲ್ಲಿ ವಿಡಿಯೋದವನು ಹಲ್ಲು ಕಿರಿದುಕೊಂಡು ಬಂದ. "ಅಣ್ಣಾ, ತಾಳಿ ಕಟ್ಟೋ ಟೈಮಿಗೆ ಅಜ್ಜಿ ಅಡ್ಡ ಬಂದುಬಿಟ್ರು. ಗಂಡು ಸುಮ್ನೆ ತಾಳಿ ಮೇಲೆ ಕೈ ಇಟ್ಕೊಂಡು ಕಟ್ಟೋ ಹಾಗೆ ತೋರಿಸ್ತಾರಂತೆ. ಗಟ್ಟಿಮೇಳ ಇನ್ನೊಂದ್ಸಲ ಕೊಡ್ತೀರಾ?"

ಅಣ್ಣನಿಗೆ ಬಯ್ಯೋಕೂ ಉಸಿರಿರಲಿಲ್ಲ. ನಾಗಸ್ವರವನ್ನೇ ದೊಣ್ಣೆ ಥರ ಎತ್ತಿದ. ನಾನಾಗಲೇ ಡೋಲು ಎಳೆದುಕೊಂಡು ಕೂತಾಗಿತ್ತು.